ಬೀಗಕ್ಕಿಟ್ಟ ಕುಂಕುಮ

ಸಿದ್ಧಾರ್ಥನಗರದಲ್ಲಿ ನನ್ನ ಮನೆಗಿರುವಷ್ಟು ಭದ್ರತೆ ಯಾವ ಖಜಾನೆಗೂ ಇರಬಾರದು ಎಂದು ಪಣ ತೊಟ್ಟೆ! ಕಾರ್ಡಿನ ಬೀಗ ನೋಡಿದೆ. ಕಾರ್ಡನ್ನು ನಾನೇ ಕಳೆದುಕೊಳ್ಳುತ್ತೇನೆ. ನಂಬರಿನ ಬೀಗ ನೋಡಿದೆ. ನಂಬರನ್ನು ಹೆಂಡತಿ ಹೇಮಶ್ರೀ ತರಕಾರಿಯವನಿಗೂ ಹೇಳುತ್ತಾಳೆ. ಕೊನೆಗೆ ಬೆರಳಚ್ಚಿನ ಬೀಗವನ್ನೇ ಆರಿಸಿ ಕೂರಿಸಿದೆ. ಹೆಬ್ಬೆರಳಿಟ್ಟರೆ "ವೆಲ್‌ಕಮ್" ಎನ್ನುವ ಹೆಣ್ಣುದನಿ! ಬಾಗಿಲು ಮುಚ್ಚಿದರೆ ತಾನೇ ಲಾಕ್!

ದಸರೆಗೆ ಊರಿನಿಂದ ಬಂದ ಅತ್ತೆ ಮಾದೇವಮ್ಮ ಮಾತ್ರ, "ನಮ್ಮೂರ ಚಿಲ್ಕನೇ ವಾಸಿ ಬುಡಿ" ಎಂದರು.

ನನಗೆ ಉರಿದುಹೋಯಿತು. "ಅತ್ತೆ, ಯಾರು ಬಡಿದರೂ ನೀವು ಬಾಗಿಲು ತೆಗೀಬೇಡಿ. ನಮ್ಮೋರು ಯಾರು, ಕಳ್ಳರು ಯಾರು ಅಂತ ಇದಕ್ಕೆ ಗೊತ್ತು!" ಎಂದು ಅಪ್ಪಣೆ ಹೊರಡಿಸಿದೆ. ಅಂದಿನಿಂದ ಅತ್ತೆಯ ಮುಂದೆ ನನ್ನ ಮಾನವೆಲ್ಲ ಆ ಬೀಗದ ಕೈಯಲ್ಲಿತ್ತು.

ಆಯುಧಪೂಜೆ ಬಂತು. ಸ್ಕೂಟರಿಗೆ, ಮಿಕ್ಸಿಗೆ ಪೂಜೆಯಾದ ಮೇಲೆ ಮನೆ ಕಾಯುವ ಮಹಾಯೋಧನನ್ನು ಬಿಡುವುದುಂಟೇ? ಬೀಗಕ್ಕೆ ವಿಭೂತಿ ಬಳಿದು, ಗಂಧ ಹಚ್ಚಿ, ರೂಪಾಯಿ ಅಗಲದ ಕುಂಕುಮ ಇಟ್ಟೆ. ಸ್ಕೂಟರ್ ಮುಂದೆ ಬೂದುಗುಂಬಳ ಒಡೆಯಲು ನಾನೂ ಹೇಮಶ್ರೀಯೂ ಹೊರಗೆ ಬಂದೆವು. ಗಾಳಿಗೆ ಬಾಗಿಲು ಮುಚ್ಚಿಕೊಂಡಿತು.

ಠೀವಿಯಿಂದ ಹೆಬ್ಬೆರಳಿಟ್ಟೆ. "ಸಾರಿ, ಟ್ರೈ ಅಗೇನ್."

ಮತ್ತೆ ಇಟ್ಟೆ. "ಸಾರಿ, ಟ್ರೈ ಅಗೇನ್!"

"ಬೆರಳಿಡೋ ಜಾಗಕ್ಕೇ ಕುಂಕುಮ ಮೆತ್ತಿದೀರಲ್ರೀ!"

"ಅದೇ ಹಣೆ ಅಂದ್ಕೊಂಡೆ ಕಣೇ."

"ಬೀಗದ ಜೊತೆಗೆ ಒಂದು ಕೀ ಕೊಟ್ಟಿದ್ರಲ್ಲ, ಎಲ್ಲಿ?"

"ದೇವರ ಮುಂದೆ ಪೂಜೆಗಿಟ್ಟಿದೀನಿ."

ಪಂಚೆಯ ಚುಂಗಿನಿಂದ ಒರೆಸಿದೆ. ಗಂಧ ಸಂದುಗೊಂದಿಗೆಲ್ಲ ಇಳಿಯಿತು, ಪಂಚೆ ಕೆಂಪಾಯಿತು, ಬೀಗ ಮಾತ್ರ ಸಾರಿ ಕೇಳುವುದನ್ನು ಬಿಡಲಿಲ್ಲ. ಎದುರುಮನೆಯವರು ಕಾಂಪೌಂಡಿಗೆ ಬಂದು ನಿಂತರು. ನಾಚಿಕೆಯಿಂದ ಸತ್ತೇಹೋದೆ.

"ಅತ್ತೇ, ಬಾಗಿಲು ತೆಗೀರಿ!"

ಕಿಟಕಿಯಲ್ಲಿ ಮಾದೇವಮ್ಮನವರ ಮುಖ ಕಂಡಿತು. "ನೀವೇ ತೆಗೀಬ್ಯಾಡಿ ಅಂದಿದ್ರಲ್ಲ ಅಳಿಯಂದ್ರೇ?"

"ಅವ್ವಾ, ನಾನು ಕಣವ್ವ, ತೆಗಿ" ಎಂದಳು ಹೇಮಶ್ರೀ.

ಮಗಳ ಮಾತಿಗೆ ಬಾಗಿಲು ಥಟ್ಟನೆ ತೆರೆಯಿತು. ಅವಳು ಆರತಿ ತಟ್ಟೆ ಹಿಡಿದು ಒಳಗೆ ಹೋದಳು. ನಾನು ಪಂಚೆ ಬಿಗಿದುಕೊಂಡು ತಲೆಯೆತ್ತುವಷ್ಟರಲ್ಲಿ ಬಾಗಿಲು ಮತ್ತೆ ಮುಚ್ಚಿತ್ತು! ಅಭ್ಯಾಸಬಲದಿಂದ ಹೆಬ್ಬೆರಳಿಟ್ಟೆ.

"ಸಾರಿ, ಟ್ರೈ ಅಗೇನ್."

ಒಳಗೆ ಹೇಮಶ್ರೀ ಬಿದ್ದು ಬಿದ್ದು ನಗುವುದು ಕೇಳಿಸಿತು. ಅತ್ತೆ ಮತ್ತೆ ಕಿಟಕಿಗೆ ಬಂದರು. ಅವರ ಮುಖದಲ್ಲಿ ನಗುವಿರಲಿಲ್ಲ, ಮರುಕವಿತ್ತು.

"ಆಗ್ಲಿಂದ ಅದ್ಯಾವಳೋ ಇಂಗ್ಲಿಷ್ನಲ್ಲಿ ನಿಮ್ಮನ್ನ ಬೈತಾನೇ ಅವ್ಳೆ. ಮೊದ್ಲು ಅವ್ಳತ್ರ ರಾಜಿ ಮಾಡ್ಕಂಡು ಬನ್ನಿ ಅಳಿಯಂದ್ರೇ. ಅಲ್ಲೀಗಂಟ ನಾವು ಊಟ ಮಾಡಿರ್ತೀವಿ!"