ದೊರೆಗಳ ಹುಲ್ಲು ದೇವರ ಮನೆಗೆ ಹೋದ ಬಗ್ಗೆ

ಹುಲ್ಲುಹಾಸು ಪಾಲನಾ ಶಾಖೆ, ಬಂಗಲೆಗಳ ವಿಭಾಗ
ಚಿನ್ನದ ಗಣಿ ಪ್ರದೇಶ, ಕೋಲಾರ ಜಿಲ್ಲೆ

ಸಂಖ್ಯೆ: ಹು.ಪಾ.ಶಾ./ಬೋಳು/೭/೧೯೩೪
ದಿನಾಂಕ: ೧೨ನೇ ಅಕ್ಟೋಬರ್ ೧೯೩೪

ವಿಷಯ: ಬಂಗಲೆಗಳ ಹುಲ್ಲುಹಾಸಿನ ಋತುಮಾನ ಪಾಲನೆ; ವಿಶೇಷವಾಗಿ, ಗಣಪತಿಯಿಂದ ಉಂಟಾಗುವ ಬೋಳು.

ಉಲ್ಲೇಖ: ಗಣಿಯ ದೊಡ್ಡ ದೊರೆಗಳ ಮೌಖಿಕ ಕೂಗಾಟ, ಚೌತಿಯ ಸಂಜೆ.

೧. ಬೇಸಿಗೆಯಲ್ಲಿ ಬೇತಮಂಗಲದ ಕೆರೆಯ ನೀರನ್ನು ಮೊದಲು ಹುಲ್ಲಿಗೂ, ಉಳಿದರೆ ಮನುಷ್ಯರಿಗೂ ಬಿಡತಕ್ಕದ್ದು. ಇದರಲ್ಲಿ ಬದಲಾವಣೆಯಿಲ್ಲ.

೨. ಮಳೆಗಾಲದ ನಿಯಮಕ್ಕೆ ಮಾತ್ರ ತಿದ್ದುಪಡಿ ಅಗತ್ಯವಾಗಿದೆ. ದೊಡ್ಡ ದೊರೆಗಳ ಮಾಲಿ ಕದಿರಪ್ಪ ಎಂಬಾತನು ಚೌತಿಯ ಬೆಳಿಗ್ಗೆ, ಪೂಜೆಗೆ ಗರಿಕೆ ಕೇಳಿ ಬಂದ ಮುನಿಶಾಮಮ್ಮ ಎಂಬಾಕೆಗೆ ಗೇಟು ತೆರೆದನು. ವಿಲಾಯಿತಿ ಹುಲ್ಲು ಎಂದೋ ಸತ್ತು, ಅಲ್ಲಿ ಬೆಳೆದಿದ್ದುದು ನಮ್ಮೂರ ಗರಿಕೆಯೇ ಎಂಬುದು ದೊರೆಗಳಿಗೆ ತಿಳಿದಿರಲಿಲ್ಲ. ಶಾಖೆಯು ತಿಳಿಸಿಯೂ ಇರಲಿಲ್ಲ. ಆಕೆಯ ಹಿಂದೆ ಗಣಿ ಕೂಲಿಗಳ ಲೈನುಮನೆಗಳ ಹೆಂಗಸರೆಲ್ಲ ಬಂದು, ಬಳ್ಳಿ ಬಳ್ಳಿಯಾಗಿಯೇ ಕಿತ್ತಿದ್ದರಿಂದ ಮಧ್ಯಾಹ್ನದೊಳಗೆ ಹುಲ್ಲುಹಾಸು ಬೋಳಾಯಿತು.

೩. ಸಂಜೆ ಚಹಾಕೂಟಕ್ಕೆ ಅತಿಥಿಗಳೊಡನೆ ಹೊರಬಂದ ದೊರೆಗಳು ಕೆಂಪು ಮಣ್ಣನ್ನು ಕಂಡು, ಹುಲ್ಲೆಲ್ಲಿ ಎಂದು ಕೂಗಿದರು. ಕದಿರಪ್ಪನು, "ದ್ಯಾವ್ರ ಮನೆಗೆ ಓಗ್ಯದೆ ದೊರೆ. ಮಳೆ ಬಿದ್ರೆ ತಿರ್ಗಾ ಬತ್ತದೆ" ಎಂದನು. ಇಂಥ ಉತ್ತರಕ್ಕೆ ಅವಕಾಶವಿಲ್ಲದ್ದರಿಂದ ಆತನನ್ನು ಕೆಲಸದಿಂದಲೂ, ಬಂಗಲೆಯ ಹಿಂದಿನ ಕೋಣೆಯಿಂದಲೂ ತೆಗೆಯಲಾಯಿತು. ಆತನು ಹೆಂಡತಿ ಅಶ್ವತ್ಥಮ್ಮನೊಡನೆ ಪಾತ್ರೆ ಹೊತ್ತು ಬಂಗಾರಪೇಟೆಯ ಅಣ್ಣನ ಮನೆಗೆ ನಡೆದುದನ್ನು ಈ ಕೆಳಗೆ ಸಹಿ ಮಾಡಿರುವವರು ಕಿಟಕಿಯಿಂದ ನೋಡಿದರು. ಅಂದು ಊಟ ಸೇರಲಿಲ್ಲ. ಕಡತದಲ್ಲಿ ಇದರ ನಮೂದಿಲ್ಲ.

೪. ಮರುದಿನ ಮುನಿಶಾಮಮ್ಮನೂ ಇತರರೂ, ಪೂಜೆಯಿಂದ ಇಳಿಸಿದ ಗರಿಕೆಯನ್ನು ಬುಟ್ಟಿಗಳಲ್ಲಿ ತಂದು ಬಂಗಲೆಯ ಮುಂದೆ ಸುರಿದರು. "ಅವ್ನ ಒಟ್ಟೆ ಮ್ಯಾಲೆ ಒಡಿಬ್ಯಾಡಿ ಸಾಮಿ. ತಕ್ಕಳಿ ನಿಮ್ಮುಲ್ಲು. ಗಣಪ್ಪ ಏನೂ ತಿಂದಿಲ್ಲ, ಎಲ್ಲಾ ಅಂಗೇ ಅದೆ" ಎಂದು ಆಕೆ ಹೇಳಿಕೆ ನೀಡಿದಳು. ಕುಂಕುಮ, ಕಡುಬಿನ ಚೂರು ಸಮೇತ ಅದನ್ನು ತೆಗೆಸಲು ದೊರೆಗಳು ಆಜ್ಞಾಪಿಸಿದರು. ತೆಗೆಯಬೇಕಾದ ಮಾಲಿಯನ್ನು ತೆಗೆದಾಗಿತ್ತು. ಇಲಿಗಳು ಬಂದವು, ಅವು ಯಾರ ಪರವಾಗಿ ಬಂದವೆಂದು ತಿಳಿಯದೆ ಕ್ರಮ ಜರುಗಿಸಲಿಲ್ಲ.

೫. ನಂತರ ಮಳೆ ಹಿಡಿಯಿತು. ಸುರಿದ ಗರಿಕೆ ಗೆಣ್ಣುಗೆಣ್ಣಿಗೂ ಬೇರುಬಿಟ್ಟು, ಅಂಗಳ ತುಂಬಿ, ಜಗಲಿ ಹತ್ತಿತು. ತಮ್ಮ ವಿಲಾಯಿತಿ ಬೀಜದ ಗುಣವಿದು ಎಂದು ದೊರೆಗಳು ಅತಿಥಿಗಳಿಗೆ ತೋರಿಸಿದರು. ಆದರೆ ಕತ್ತರಿಸುವವರಿಲ್ಲದೆ ಬಾಗಿಲು ತೆರೆಯುವುದೇ ಕಷ್ಟವಾದಾಗ, ಕದಿರಪ್ಪನನ್ನು ಕರೆತರಲು ಆಜ್ಞೆಯಾಯಿತು.

೬. ಈ ಕೆಳಗೆ ಸಹಿ ಮಾಡಿರುವವರು ಖುದ್ದಾಗಿ ಬಂಗಾರಪೇಟೆಗೆ ಹೋದರು. ಕದಿರಪ್ಪನು, "ಕುಂತ್ಕಳಿ ಸಾಮಿ, ಮೊದ್ಲು ಮುದ್ದೆ ಉಣ್ಣಿ" ಎಂದನು. ಉಣ್ಣಲಾಯಿತು. ಬಸ್ಸಾರು ಚೆನ್ನಾಗಿತ್ತು. ಅಶ್ವತ್ಥಮ್ಮನು, "ಬರಾಕೇನು, ಬತ್ತೀವಿ. ಬರೋ ವರ್ಸ ಎಣ್ಮಕ್ಳು ಬಂದು ನಿಂತ್ರೆ ಗೇಟ್ ತೆಗಿಯೋರು ಯಾರು? ಅದ್ನ ಮೊದ್ಲು ಯೋಳಿ" ಎಂದಳು. ಕೈ ತೊಳೆದು, ಈ ಕೆಳಗಿನ ಕಲಮನ್ನು ಅಲ್ಲಿಯೇ ಕುಳಿತು ಬರೆಯಲಾಯಿತು.

೭. ಆದ್ದರಿಂದ, ಮುಂದಿನ ಚೌತಿಯಿಂದ ಗೇಟನ್ನು ಅಧೀಕ್ಷಕರೇ ತೆರೆಯತಕ್ಕದ್ದು. ಕೂಗಾಟವನ್ನೂ ಅವರೇ ಸ್ವೀಕರಿಸತಕ್ಕದ್ದು ಎಂದು ಈ ಮೂಲಕ ಸೂಚಿಸಲಾಗಿದೆ.

(ಸಹಿ) ರಾಮಚಂದ್ರಪ್ಪ
ಅಧೀಕ್ಷಕರು, ಹುಲ್ಲುಹಾಸು ಪಾಲನಾ ಶಾಖೆ

ಪ್ರತಿಗಳು:
ದೊಡ್ಡ ದೊರೆಗಳಿಗೆ (ಎರಡನೇ, ಐದನೇ ಕಲಮುಗಳನ್ನು ಬಿಟ್ಟು).
ಕದಿರಪ್ಪ, ಮಾಲಿ (ಓದಿ ಹೇಳಲಾಯಿತು, ನಕ್ಕನು).
ಮುನಿಶಾಮಮ್ಮ, ಗಣಿ ಲೈನು (ಖಾಲಿ ಬುಟ್ಟಿಗಳ ಸಮೇತ).
ಶ್ರೀ ಗಣಪತಿ (ಕೆರೆಗೆ ಇಳಿದಿರುವುದರಿಂದ, ಮುಂದಿನ ವರ್ಷ ತಲುಪಿಸತಕ್ಕದ್ದು).