ಇಟಲಿಯ ಮೆಟ್ಟಿಲ ಮೇಲೆ ಹಿತಕವರೆ

ನನ್ನ ಹೆಂಡತಿಗೆ ಪ್ರಪಂಚದ ಅಷ್ಟೂ ಭಾಷೆಗಳು ಬರುತ್ತವೆ. ಆ ಎಲ್ಲ ಭಾಷೆಗಳ ಹೆಸರೂ ಕನ್ನಡ ಅನ್ನುವುದೊಂದೇ ಸಣ್ಣ ತೊಡಕು!

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ನಾವಿರುವುದು ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ. ವಿಮಾನದ ಎಂಜಿನ್ ತಯಾರಾಗುವ ಊರು. ನನಗೆ ಆ ಎಂಜಿನ್ನಿನ ಯಾವುದೋ ಒಂದು ಬಳೆಯ ಡ್ರಾಯಿಂಗ್ ನೋಡುವ ಕೆಲಸ. ಬಂದ ಹೊಸತರಲ್ಲಿ ಇಬ್ಬರೂ ಸಂಜೆ ಸ್ವೀಡಿಷ್ ಕ್ಲಾಸಿಗೆ ಸೇರಿದೆವು. ನಾನು ಎರಡು ವರ್ಷ ಮಣ್ಣು ಹೊತ್ತೆ. ಅವಳು ಒಂದೇ ವಾರಕ್ಕೆ, ಆ ಟೀಚರಮ್ಮನಿಗೆ ನಾನು ಹೇಳಿದ್ದೆಲ್ಲ ಅರ್ಥವಾಗುತ್ತೆ, ಇನ್ನು ಕಲಿಯೋಕೇನಿದೆ ಎಂದು ಬಿಟ್ಟುಬಿಟ್ಟಳು. ಆಮೇಲೊಂದು ದಿನ ತರಕಾರಿ ಬೆಳೆಯಲು ಒಂದು ತುಂಡು ಜಾಗ ಕೇಳೋಣವೆಂದು ಕೊಮ್ಯೂನ್ ಆಫೀಸಿಗೆ, ಅಂದರೆ ಇಲ್ಲಿನ ಪುರಸಭೆಗೆ, ಹೋದೆವು. ನಾನು ಕಲಿತ ಸ್ವೀಡಿಷನ್ನೆಲ್ಲ ಸುರಿದೆ. ಕೌಂಟರಿನಾಕೆ ಕನಿಕರದಿಂದ ನೋಡಿ, ಇಂಗ್ಲಿಷಿನಲ್ಲೇ ಮಾತಾಡಬಹುದು ಅಂದರು. ಇವಳು ಕನ್ನಡಕ ಮೇಲೇರಿಸಿ ಚಾಮರಾಜಪೇಟೆಯ ಕನ್ನಡದಲ್ಲಿ, ಕೈಯಲ್ಲಿ ಮೆಂತ್ಯಸೊಪ್ಪಿನ ಎತ್ತರ ತೋರಿಸುತ್ತ ವಿಷಯ ತಿಳಿಸಿದಳು. ಜಾಗ ಸಿಕ್ಕಿತು. ಎರಡು ವರ್ಷದ ನನ್ನ ಕ್ಲಾಸು ಗೋವಿಂದ!

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಮುದುಕರು, ಅವರಿಗೊಂದು ಕರುವಿನಷ್ಟು ದೊಡ್ಡ ನಾಯಿ. ಆ ಮಹಾನುಭಾವರು ವರ್ಷಕ್ಕೆ ನಾಲ್ಕು ಸಲ "ಹೇಯ್" ಎಂದು ಇಲ್ಲಿನ ನಮಸ್ಕಾರ ಹೇಳಿದರೆ ಅದೇ ಹಬ್ಬ. ಇವಳು ಅವರನ್ನು ಬಿಟ್ಟು ನಾಯಿಯನ್ನು ಹಿಡಿದಳು. ದಿನಾ ಬೆಳಗ್ಗೆ ಮೆಟ್ಟಿಲಲ್ಲಿ ಅದರ ಯೋಗಕ್ಷೇಮ ವಿಚಾರಣೆ. ಏನೋ ರಾಜ, ತಿಂಡಿ ಆಯ್ತಾ, ಯಾಕೋ ಸೊರಗಿದೀಯ, ಕೂತ್ಕೊ, ಕೈ ಕೊಡು. ಕೆಲವು ತಿಂಗಳಾದ ಮೇಲೆ ಆ ಮುದುಕರು ನಮ್ಮ ಬಾಗಿಲು ಬಡಿದರು. ಮುಖ ಕೆಂಪಗಿತ್ತು. ಜಗಳಕ್ಕೇ ಬಂದರೆಂದು ನಾನು ಸಾರಿ ಹೇಳಲು ಬಾಯಿ ತೆರೆದಿದ್ದೆ. ಅವರು ಬಂದದ್ದು, ನಾಯಿ ಸೋಫಾ ಕಡಿಯುತ್ತಿದೆ, ಸ್ವೀಡಿಷ್‌ನಲ್ಲಿ ಹೇಳಿದರೆ ಕೇಳುತ್ತಿಲ್ಲ, ನಿಮ್ಮ ಭಾಷೆಯಲ್ಲಿ ‘ಬೇಡ’ ಅನ್ನುವುದಕ್ಕೆ ಏನಂತಾರೆ ಎಂದು ಕೇಳಲು! ಆವತ್ತಿನಿಂದ ಕೆಳಗಿನ ಮನೆಯಲ್ಲಿ ಆಗಾಗ "ಬೇಡ! ಬೇಡ!" ಅನ್ನುವ ಗಂಭೀರ ದನಿ ಕೇಳುತ್ತದೆ.

ಇದೆಲ್ಲ ಕೊರೊನಾ ಬರುವುದಕ್ಕೆ ಮೂರ್ನಾಲ್ಕು ವರ್ಷ ಮುಂಚಿನ ಮಾತು. ದೂರ ನಿಲ್ಲಿ ಎಂದು ಸರ್ಕಾರಗಳು ಜಗತ್ತಿಗೆಲ್ಲ ಬುದ್ಧಿ ಹೇಳುವ ಮೊದಲೇ ಇಲ್ಲಿಯವರು ಬಸ್ ಸ್ಟಾಪಿನಲ್ಲಿ ಒಬ್ಬರಿಗೊಬ್ಬರು ಆರಡಿ ಬಿಟ್ಟು ನಿಲ್ಲುತ್ತಿದ್ದರು. ಆ ಆರಡಿ ಖಾಲಿ ಜಾಗ ಕಂಡರೆ ನನ್ನ ಹೆಂಡತಿಗೆ ಸಂಕಟ. ಹೋಗಿ ತುಂಬಿಬಿಡುತ್ತಿದ್ದಳು.

ಇಂಥವಳು ಒಂದು ದಿನ ಮಾತು ನಿಲ್ಲಿಸಿಬಿಟ್ಟಳು.

ಆದದ್ದಿಷ್ಟೆ. ನವೆಂಬರಿನಲ್ಲಿ ಸ್ಟಾಕ್‌ಹೋಮಿಗೆ ರೈಲಿನಲ್ಲಿ ಹೊರಟಿದ್ದೆವು. ಇಲ್ಲಿನ ರೈಲುಗಳಲ್ಲಿ ಮಾತಾಡಬಾರದ ಬೋಗಿ ಅಂತಲೇ ಒಂದಿರುತ್ತದೆ. ನನ್ನ ಹಣೆಬರಹಕ್ಕೆ ಟಿಕೆಟ್ ಅದರಲ್ಲೇ ಬುಕ್ಕಾಗಿತ್ತು. ಇವಳು ಪಕ್ಕದ ಸೀಟಿನ ಬಿಳಿಕೂದಲಿನ ಹೆಂಗಸಿಗೆ ತಲೆಗೆ ಹರಳೆಣ್ಣೆ ಹಚ್ಚುವ ಕ್ರಮ ವಿವರಿಸುತ್ತಿದ್ದಳು. ಹಿಂದಿನಿಂದ ಯಾವನೋ ಯುವಕ ಎದ್ದುಬಂದು, ಬೋಗಿಯ ಗೋಡೆಗೆ ಅಂಟಿಸಿದ್ದ, ತುಟಿಯ ಮೇಲೆ ಬೆರಳಿಟ್ಟ ಚಿತ್ರವನ್ನು ತೋರಿಸಿ ಹೋದ. ಇವಳು ನಕ್ಕು, ಸಾರಿ ಕಣಪ್ಪ ಅಂದಳು. ಸ್ವಲ್ಪ ಹೊತ್ತಿಗೆ ಆ ಹೆಂಗಸೂ ಬ್ಯಾಗು ತೆಗೆದುಕೊಂಡು ಆಚೆ ತುದಿಯ ಖಾಲಿ ಸೀಟಿಗೆ ಹೋಗಿ ಕೂತರು. ಅಷ್ಟೇ.

ಮೊದಮೊದಲು ನನಗೆ ಖುಷಿಯೇ ಆಯಿತು. ಸುಳ್ಳು ಯಾಕೆ ಹೇಳಲಿ? ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ, ಮದುವೆಯಾದ ಮೇಲೆ ಮೊದಲ ಸಲ. ಆದರೆ ಒಂದು ತಿಂಗಳಾಯಿತು, ಎರಡಾಯಿತು. ಮಧ್ಯಾಹ್ನ ಮೂರಕ್ಕೇ ಕತ್ತಲು, ಹೊರಗೆ ಹಿಮ, ಒಳಗೆ ಫ್ರಿಜ್ಜಿನ ಸದ್ದು. ಸಾರು ಹೇಗಿದೆ ಅಂತ ಕೂಡ ಕೇಳುವುದಿಲ್ಲ. ಹೂಂ ಅನ್ನುವುದನ್ನೂ ಬಿಟ್ಟು, ಇಲ್ಲಿನವರ ಹಾಗೆ ಉಸಿರನ್ನು ಒಳಗೆಳೆದುಕೊಂಡು "ಯಾ" ಅನ್ನತೊಡಗಿದಳು. ಮೊದಲ ಸಲ ಅದನ್ನು ಕೇಳಿದಾಗ ಉಬ್ಬಸ ಬಂತೇನೋ ಎಂದು ನೀರು ತಂದುಕೊಟ್ಟಿದ್ದೆ. ಮೆಟ್ಟಿಲಲ್ಲಿ ನಾಯಿ ಬಾಲ ಆಡಿಸಿ ಆಡಿಸಿ ಸೋತಿತು.

ಯುಗಾದಿಯ ದಿನ ಒಬ್ಬಟ್ಟು ಬಡಿಸುತ್ತ ಒಂದು ವಾಕ್ಯ ಆಡಿದಳು.

"ನಾನು ಊರಿಗೆ ಹೋಗಿಬಿಡ್ತೀನಿ ಕಣ್ರೀ. ನೀವು ಇರಿ."

ಎಷ್ಟು ದಿನಕ್ಕೆ ಅಂದೆ. ಬರುವ ಟಿಕೆಟ್ ಬೇಡ, ಹೋಗುವುದೊಂದೇ ಮಾಡಿಸಿ ಅಂದಳು. ಮೇ ತಿಂಗಳಿಗೆ ಇಟಲಿ ಪ್ರವಾಸ ಮೊದಲೇ ಗೊತ್ತುಮಾಡಿದ್ದೆ. ಅದೊಂದು ಮುಗಿಸಿ ಬಂದು ಯೋಚಿಸೋಣ ಎಂದು ಹೇಗೋ ದಿನ ತಳ್ಳಿದೆ.

ಇಟಲಿಯಲ್ಲಿ ನಾವು ಒಂದು ದಿನದ ಮಟ್ಟಿಗೆ ಹೋದದ್ದು ಗುಡ್ಡದ ತುದಿಯ ಒಂದು ಹಳೇ ಊರಿಗೆ. ಬಸ್ಸಿನವನು ಬುಡದಲ್ಲೇ ಇಳಿಸಿ ಕೈ ತೊಳೆದುಕೊಂಡ. ಶ್ರವಣಬೆಳಗೊಳದಲ್ಲಾದರೆ ಹತ್ತಿ ಮುಗಿಸಿದವರಿಗೆ ಬಾಹುಬಲಿಯಾದರೂ ಕಾಣುತ್ತಾನೆ. ಇಲ್ಲಿ ಹತ್ತಿದ ಮೇಲೂ ಹತ್ತುವುದೇ ಇರುತ್ತದೆ! ಮೂಲೆಗೊಂದು ಚರ್ಚು, ಪ್ರತಿ ಚರ್ಚಿನಲ್ಲೂ ಗಾಜಿನ ಪೆಟ್ಟಿಗೆಯಲ್ಲಿಟ್ಟ ಅದೇ ಒಬ್ಬ ಸಂತನ ಬೆರಳೋ ಹಲ್ಲೋ. ಎಲ್ಲವನ್ನೂ ಜೋಡಿಸಿದರೆ ಆ ಪುಣ್ಯಾತ್ಮನಿಗೆ ಏನಿಲ್ಲವೆಂದರೂ ಮೂರು ಕೈ ಇದ್ದಿರಬೇಕು. ಊರ ನಡುವಿನ ಗೋಪುರ ನೋಡಲೆಂದೇ ನಾನು ಹೋಗಿದ್ದು. ಅದಕ್ಕೆ ಬೀಗ. ಕಾವಲುಗಾರ ಊಟಕ್ಕೆ ಹೋಗಿದ್ದಾನೆ, ಊಟವಾದ ಮೇಲೆ ನಿದ್ದೆ ಮಾಡುತ್ತಾನೆ ಎಂದು ಅಂಗಡಿಯವನು ಎರಡೂ ಅಂಗೈ ಕೆನ್ನೆಗಿಟ್ಟು ತೋರಿಸಿದ. ಇಷ್ಟು ನಾಗರಿಕರಾದ ಜನ ಯುರೋಪಿನಲ್ಲೂ ಇದ್ದಾರಲ್ಲ ಎಂದು ನನಗೆ ಗೌರವ ಹುಟ್ಟಿತು.

ಹೊತ್ತು ಕಳೆಯಬೇಕಲ್ಲ, ಗೈಡ್ ಪುಸ್ತಕ ತೆಗೆದು ಜೋರಾಗಿ ಓದಿದೆ. ಯಾವನೋ ಡ್ಯೂಕ್ ತನ್ನ ಸ್ವಂತ ಅಣ್ಣನನ್ನು ಈ ಗೋಪುರದ ಕಿಟಕಿಯಿಂದಲೇ ಕೆಳಗೆ ತಳ್ಳಿದನಂತೆ ಅಂದೆ. ಮೊದಲಿನ ಹಾಗಿದ್ದರೆ ಇವಳು ಸುಮ್ಮನಿರುತ್ತಿದ್ದಳೇ? ಆಸ್ತಿಗಾ? ಅತ್ತಿಗೆ ಏನಾದಳು? ಅವರಮ್ಮ ಬದುಕಿದ್ದಳಾ? ಎಂದು ಡ್ಯೂಕನ ಜನ್ಮ ಜಾಲಾಡುತ್ತಿದ್ದಳು. ಈಗ ಉಸಿರು ಒಳಗೆಳೆದು "ಯಾ" ಅಂದಳು. ಇನ್ನು ಟಿಕೆಟ್ ಮಾಡಿಸುವುದೇ ಸೈ ಅಂದುಕೊಂಡು ಪುಸ್ತಕ ಮುಚ್ಚಿದೆ.

ಕಿರಿದಾದ ಒಂದು ಓಣಿಯಲ್ಲಿ ಇಳಿಯುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ ನಿಂತಳು. ಮಂಡಿ ಹಿಡಿಯಿತೇನೋ ಅಂತ ಹಿಂತಿರುಗಿ ನೋಡಿದೆ. ಒಂದು ಮನೆಯ ಮೆಟ್ಟಿಲ ಮೇಲೆ ಮೂವರು ಅಜ್ಜಿಯರು ಸಾಲಾಗಿ ಕೂತು, ದೊಡ್ಡ ಬುಟ್ಟಿ ಇಟ್ಟುಕೊಂಡು ಕಾಳು ಬಿಡಿಸುತ್ತಿದ್ದರು. ನಮ್ಮ ಅವರೆಕಾಳಲ್ಲ, ಅದರ ದೊಡ್ಡಮ್ಮನ ಮಗ ಇರಬೇಕು, ಇನ್ನೂ ದಪ್ಪ. ಒಂದೊಂದೇ ಕಾಳನ್ನು ಉಗುರಿನಿಂದ ಕೆರೆದು, ಮೇಲಿನ ಸಿಪ್ಪೆ ತೆಗೆಯುತ್ತಿದ್ದರು. ನನ್ನ ಹೆಂಡತಿಯ ಮುಖದಲ್ಲಿ ಯಾತನೆ ಕಂಡಿತು.

"ನೆನೆಸ್ದೇನೇ ಹಿತುಕ್ತಿದಾರಲ್ರೀ!"

ಆರು ತಿಂಗಳಲ್ಲಿ ಅವಳಾಗಿ ನನಗೆ ಆಡಿದ ಎರಡನೆಯ ಮಾತು. ಬೆಂಗಳೂರಿನ ಹೆಣ್ಣುಮಕ್ಕಳು ಯಾವ ಅನ್ಯಾಯವನ್ನಾದರೂ ಸಹಿಸಿಯಾರು, ಅವರೆಕಾಳನ್ನು ನೆನೆಸದೆ ಹಿತುಕುವುದನ್ನು ಸಹಿಸುವುದುಂಟೇ? ನಾನು ಬೇಡ ಅನ್ನುವಷ್ಟರಲ್ಲಿ (ನಾಯಿಯಾದರೂ ಕೇಳುತ್ತಿತ್ತು!) ಅವಳು ಹೋಗಿ ಮೆಟ್ಟಿಲ ಮುಂದೆ ನಿಂತು, ಸೀರೆಯಲ್ಲದ ಪ್ಯಾಂಟನ್ನೇ ಸೀರೆಯ ಹಾಗೆ ಸರಿಮಾಡಿಕೊಂಡು, "ಸ್ವಲ್ಪ ಜರುಗಿ" ಅಂದಳು. ಅಂಚಿನಲ್ಲಿದ್ದ ಅಜ್ಜಿ ಒಂದು ಸಲ ಮೇಲೆ ನೋಡಿ, ಜರುಗಿ, ಪಕ್ಕದ ಕಲ್ಲನ್ನು ಕೈಯಿಂದ ತಟ್ಟಿತು.

ಮುಂದಿನದು ನೋಡಬೇಕಿತ್ತು. ಸನ್ನೆ ಮಾಡಿ ಬಿಸಿನೀರು ತರಿಸಿದಳು. ಕಾಳು ಸುರಿದಳು. ಅದು ನೆನೆಯುವವರೆಗೆ ನಾಲ್ವರೂ ಒಟ್ಟಿಗೇ ಮಾತಾಡಿದರು, ಒಬ್ಬರೂ ಕೇಳಿಸಿಕೊಳ್ಳಲಿಲ್ಲ, ಆದರೆ ಎಲ್ಲರಿಗೂ ಎಲ್ಲ ತಿಳಿಯಿತು. ಆಮೇಲೆ ಇವಳು ಒಂದು ಕಾಳನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದಳು. ಅದು ಚಂಗನೆ ಹಾರಿ ನನ್ನ ಕನ್ನಡಕಕ್ಕೆ ಬಡಿಯಿತು. ಅಜ್ಜಿಯರು ಬಿದ್ದು ಬಿದ್ದು ನಕ್ಕರು. ಇವಳೂ ನಕ್ಕಳು. ನಂತರ ನನ್ನ ಕಡೆ ಬೆರಳು ಮಾಡಿ ಬಹಳ ಹೊತ್ತು ಏನೋ ಹೇಳಿದಳು. ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿ, ತಲೆಯಾಡಿಸಿ "ತ್ಚು" ಅಂದರು. ನನ್ನ ಮಾನ ಇಟಲಿಯಲ್ಲೂ ಉಳಿಯಲಿಲ್ಲ.

ಅಷ್ಟರಲ್ಲಿ ಗೋಪುರದ ಕಾವಲುಗಾರನ ನಿದ್ದೆ ಮುಗಿಯಿತು. ಬಾ ಅಂದರೆ, ನೀವೇ ನೋಡ್ಕೊಂಡು ಬನ್ನಿ ಎಂದು ತಲೆಯೆತ್ತದೆ ಕಳಿಸಿದಳು. ಏದುಸಿರು ಬಿಡುತ್ತ ತುದಿ ತಲುಪಿದೆ. ಸುತ್ತಲೂ ಗುಡ್ಡ, ಆಲಿವ್ ತೋಟ, ಪುಸ್ತಕದಲ್ಲಿದ್ದ ಹಾಗೇ ಇತ್ತು. ಅದರ ಮೇಲೆ ಕಣ್ಣು ನಿಂತರೆ ತಾನೆ? ಕೆಳಗಿನ ಓಣಿಯಿಂದ, ಹೆಂಚುಗಳನ್ನೆಲ್ಲ ದಾಟಿ ಒಂದು ದನಿ ಮೇಲೆ ಬರುತ್ತಿತ್ತು. ಸಬ್ಬಸಿಗೆ ಸೊಪ್ಪು ಹಾಕದಿದ್ದರೆ ಅದೆಂಥ ಹಿತಕವರೆ ಸಾರು ಎಂದು ಯಾರನ್ನೋ ದಬಾಯಿಸುತ್ತಿತ್ತು. ಮದುವೆಯಾದಾಗಿನಿಂದ ಮೆಲ್ಲಗೆ ಮಾತಾಡೇ ಅನ್ನುತ್ತಿದ್ದವನು, ಗೋಡೆಗೊರಗಿ ಅದನ್ನೇ ಕೇಳುತ್ತ ನಿಂತೆ. ಎಷ್ಟು ಹೊತ್ತು ನಿಂತೆನೋ, ಕಾವಲುಗಾರ ಬಂದು ಕೆಳಗೆ ಕರೆದುಕೊಂಡು ಹೋಗಬೇಕಾಯಿತು.

ಸಂಜೆಯ ಬಸ್ಸಿನಲ್ಲಿ ಅವಳ ಮಡಿಲಲ್ಲಿ ಒಂದು ಚೀಲ ಕಾಳು. ಒಬ್ಬ ಅಜ್ಜಿಗೆ ಗಂಡ ಇಲ್ಲವಂತೆ, ಇನ್ನೊಬ್ಬಳಿಗೆ ಇದ್ದೂ ಇಲ್ಲದ ಹಾಗಂತೆ, ಮೂರನೆಯವಳ ಸೊಸೆ ಜೋರಂತೆ. ಯಾವ ಭಾಷೆಯಲ್ಲಿ ಹೇಳಿದರು ಎಂದು ನಾನು ಕೇಳಲು ಹೋಗಲಿಲ್ಲ. ತಡೆಯಿಲ್ಲದೆ ಹೇಳುತ್ತಿದ್ದವಳು ಒಮ್ಮೆಲೇ ನನ್ನ ಕಡೆ ತಿರುಗಿದಳು.

"ರೈಲಲ್ಲಿ ಆ ಹುಡುಗ ಚಿತ್ರ ತೋರ್ಸಿದ್ದು ಏನೂ ಅಲ್ಲ ಕಣ್ರೀ. ಆ ಅಮ್ಮ ಎದ್ದು ದೂರ ಹೋಗ್ಬಿಟ್ರಲ್ಲ, ಅದು. ನನ್ನ ಹತ್ರ ಕೂರೋಕೇ ಆಗದ ಹಾಗಾಯ್ತಾ ಅವರಿಗೆ? ಈ ಅಜ್ಜಿ ನೋಡಿ, ಜರುಗಿ ಜಾಗ ಕೊಟ್ಟಳು."

ಅವಳ ಕಣ್ಣು ತುಂಬಿತ್ತು. ನನ್ನದೂ ನೆಟ್ಟಗಿರಲಿಲ್ಲ. ಇಷ್ಟು ದಿನ ನಾನು ಆ ಹುಡುಗನನ್ನು ಶಪಿಸಿದ್ದೇ ಬಂತು. ಕಾಳಿನ ಚೀಲವನ್ನು ಆಚೆಗಿಟ್ಟು ಅವಳ ಹತ್ತಿರಕ್ಕೆ ಜರುಗಿ ಕೂತೆ. ಕೇಳಬಾರದು ಅಂದುಕೊಂಡಿದ್ದನ್ನು ಕೇಳಿಯೇಬಿಟ್ಟೆ, ಊರಿನ ಟಿಕೆಟ್ ಏನು ಮಾಡಲಿ ಅಂತ.

ಅವಳು ಕಣ್ಣೊರೆಸಿಕೊಂಡು ಕಿಟಕಿಯಾಚೆ ನೋಡಿದಳು.

"ಡಿಸೆಂಬರಿಗೆ ಮಾಡ್ಸಿ, ಅವರೆಕಾಯಿ ಕಾಲಕ್ಕೆ. ಇಬ್ಬರಿಗೂ. ವಾಪಸ್ ಬರೋದೂ ಸೇರಿಸಿ ಮಾಡ್ಸಿ, ಇಲ್ದಿದ್ರೆ ಆ ನಾಯಿ ಕನ್ನಡ ಮರೆತುಬಿಡುತ್ತೆ."

ಹೂಂ ಅನ್ನಲು ಹೋದವನು ಉಸಿರನ್ನು ಒಳಗೆಳೆದುಕೊಂಡು "ಯಾ" ಅಂದೆ.