ಪೆಪ್ಟೈಡ್ ಮಾಡೋಳ ಮಾನ ಹೋದ ಪ್ರಸಂಗಗಳು

ಬೇರೆಯವರು ಕೆಲಸದಿಂದ ಮನೆಗೆ ಸುಸ್ತು ಹೊತ್ತುಕೊಂಡು ಬರುತ್ತಾರೆ, ನಾನು ಅವಮಾನ ಹೊತ್ತುಕೊಂಡು ಬರುತ್ತೇನೆ. ಹುಡುಕಿಕೊಂಡು ಹೋಗಿ ತಂದದ್ದಲ್ಲ. ಅದೇ ವಿಳಾಸ ಕೇಳಿಕೊಂಡು ಬಂದು ನನ್ನನ್ನೇ ಹಿಡಿಯುತ್ತದೆ.

ನಾನಿರುವುದು ತುಮಕೂರಿನಲ್ಲಿ. ಕೆಲಸ ವಸಂತನರಸಾಪುರದ ಒಂದು ಸಣ್ಣ ಲ್ಯಾಬಿನಲ್ಲಿ, ಪೆಪ್ಟೈಡ್ ಮಾಡುವುದು. ಹೆಸರು ಕೇಳಿ ಗಾಬರಿಯಾಗಬೇಡಿ. ಅಮೈನೋ ಆಮ್ಲ ಅನ್ನೋ ಪುಟ್ಟ ಪುಟ್ಟ ಮಣಿಗಳನ್ನು ಒಂದರ ಹಿಂದೊಂದು ಪೋಣಿಸಿದ ಸರ, ಅಷ್ಟೇ. ಸರ ತೀರಾ ಉದ್ದವಾದರೆ ಅದನ್ನೇ ಪ್ರೋಟೀನ್ ಅಂತಾರೆ. ಸಕ್ಕರೆ ಕಾಯಿಲೆಯವರು ಚುಚ್ಚಿಕೊಳ್ಳೋ ಇನ್ಸುಲಿನ್ನೂ ಇಂಥದ್ದೇ ಒಂದು ಸರ. ಯಾವ ಮಣಿ ಎಲ್ಲಿ ಕೂತರೆ ಗಾಯ ಬೇಗ ಮಾಯುತ್ತೆ, ಎಲ್ಲಿ ಕೂತರೆ ರೋಗಾಣು ಸಾಯುತ್ತೆ ಅಂತ ನೋಡುವುದು ನನ್ನ ಉದ್ಯೋಗ. ಉದ್ಯೋಗವೇನೋ ಗಂಭೀರವಾದದ್ದೇ. ಮಾಡುವವಳ ಗತಿ ಮಾತ್ರ ಹೀಗೆ.

ಲೀಟ್ರಿಗೆ ಎಷ್ಟು?

ನನ್ನ ತವರು ಗುಬ್ಬಿ ತಾಲೂಕಿನ ಚೇಳೂರು. ಕೆಲಸ ಸಿಕ್ಕ ಹೊಸತರಲ್ಲಿ ಅಪ್ಪ ಫೋನಿನಲ್ಲಿ, "ಏನ್ ಮಾಡ್ತೀರವ್ವ ಅಲ್ಲಿ?" ಅಂತ ಕೇಳಿದ್ದರು. "ಪೆಪ್ಟೈಡ್ ಅಪ್ಪ" ಅಂದಿದ್ದೆ. ಅಪ್ಪನಿಗೆ ಕೇಳಿಸಿದ್ದು ಬೇರೆ. ಊರಿಗೆಲ್ಲ ಸಾರಿಬಿಟ್ಟರು, "ಮಗಳು ಪೆಸ್ಟಿಸೈಡ್ ಕಂಪ್ನೀಲಿ ದೊಡ್ಡ ಸೈಂಟಿಸ್ಟು."

ಇದು ಗೊತ್ತಿಲ್ಲದೆ ಚಿಕ್ಕಪ್ಪನ ಮೊಮ್ಮಗುವಿನ ನಾಮಕರಣಕ್ಕೆ ಹೋದೆ. ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದೆ. ಒಬ್ಬರು ಮಾವ ಬಂದು ನನ್ನ ಮುಂದೆ ಒಂದು ತೆಂಗಿನಕಾಯಿ ಇಟ್ಟರು. ತಾಂಬೂಲ ಅಂದುಕೊಂಡು ನಮಸ್ಕಾರ ಮಾಡಿದೆ. ಹಿಂದೆಯೇ ಇನ್ನೊಬ್ಬರು ಇನ್ನೊಂದು ಇಟ್ಟರು, ಆಮೇಲೆ ಮತ್ತೊಬ್ಬರು. ನೋಡಿದರೆ ಎಲ್ಲಾ ನುಸಿ ಹತ್ತಿ ಕಂದುಗಟ್ಟಿದ ಕಾಯಿಗಳು.

"ಮಾವ, ನಾನು ಮಾಡೋದು ಪೆಸ್ಟಿಸೈಡ್ ಅಲ್ಲ, ಪೆಪ್ಟೈಡ್."

"ಹೆಸ್ರು ಏನಾದ್ರೂ ಇರ್ಲಿ ಕಣವ್ವ, ಲೀಟ್ರಿಗೆ ಎಷ್ಟ್ ಬೆರೆಸ್ಬೇಕು ಅಷ್ಟ್ ಹೇಳು."

"ಅಯ್ಯೋ, ಗಿಡಕ್ಕೆ ಹಾಕೋದಲ್ಲ ಮಾವ ಅದು. ನಾವು ಮನುಷ್ಯರಿಗೆ ಕೊಡೋದು!"

ಮಗುವಿನ ತಾಯಿ ಮೆಲ್ಲಗೆ ಎದ್ದು ಬಂದು ನನ್ನ ತೊಡೆಯ ಮೇಲಿಂದ ಮಗುವನ್ನು ಎತ್ತಿಕೊಂಡು ಹೋದಳು. ಅಪ್ಪ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದು ಹಲ್ಲು ಕಚ್ಚಿಕೊಂಡು ಹೇಳಿದರು:

"ಕೊಡ್ತಿದ್ರೂ ನಾಕ್ ಜನದ ಮುಂದೆ ಬಾಯ್ಬಿಟ್ಟು ಹೇಳ್ತಾರೇನೇ?"

ತಾತನದಲ್ಲ, ನಂದು

ಪೆಪ್ಟೈಡ್ ಸರವನ್ನು ಸಣ್ಣ ಸಣ್ಣ ಗುಂಡುಗಳಿಗೆ ಅಂಟಿಸಿ ಪೋಣಿಸುತ್ತೇವೆ. ಮುಗಿದ ಮೇಲೆ ಗುಂಡಿನಿಂದ ಬಿಡಿಸಿಕೊಳ್ಳಬೇಕು. ಅದಕ್ಕೆ ಹಾಕುವ ದ್ರವಗಳಲ್ಲಿ ಗಂಧಕದ್ದು ಒಂದಿದೆ. ಕೊಳೆತ ಮೊಟ್ಟೆ, ಕೊಳೆತ ಎಲೆಕೋಸು ಎರಡನ್ನೂ ಒಂದೇ ಡಬ್ಬಿಯಲ್ಲಿಟ್ಟು ಬೇಸಿಗೆಯಲ್ಲಿ ಮರೆತುಬಿಟ್ಟರೆ ಹೇಗಿರುತ್ತೋ ಹಾಗೆ ಅದರ ವಾಸನೆ. ಅದರಲ್ಲೇ ಇರುವ ನಮ್ಮ ಮೂಗಿಗೆ ಮಾತ್ರ ಅದು ಗೊತ್ತೇ ಆಗುವುದಿಲ್ಲ.

ಒಂದು ಸಂಜೆ ಅದರ ಒಂದು ಹನಿ ನನ್ನ ಚೂಡಿದಾರದ ವೇಲಿಗೆ ತಾಕಿತ್ತು. ಅದು ಗೊತ್ತಾಗದೆ ತುಮಕೂರಿನ ಬಸ್ಸು ಹತ್ತಿದೆ. ಬಸ್ಸು ಎರಡು ತಿರುವು ದಾಟುವಷ್ಟರಲ್ಲಿ ಎಲ್ಲರ ಕರ್ಚೀಫು ಮೂಗಿಗೆ ಬಂತು. ಕಂಡಕ್ಟರ್ ಕೂಗಿದ, "ಯಾರ್ರೀ ಅದು? ಕಿಟ್ಕಿ ತೆಗೀರಪ್ಪ ಎಲ್ಲಾ!"

ನನ್ನ ಮುಂದಿನ ಸೀಟಿನಲ್ಲಿ ಒಬ್ಬರು ತಾತ. ಎಲ್ಲರ ಕಣ್ಣೂ ಅವರ ಮೇಲೆ ನೆಟ್ಟಿತು. "ವಯಸ್ಸಾದ್ಮೇಲೆ ಹಂಗೇ ಬುಡಿ" ಅಂತ ಯಾರೋ ಸಮಾಧಾನವನ್ನೂ ಹೇಳಿದರು. ತಾತ, "ಶಿವನಾಣೆ ನಾನಲ್ಲ ಕಣ್ರಪ್ಪ" ಅಂತ ಹಣೆಯ ವಿಭೂತಿ ಮುಟ್ಟಿ ಹೇಳುತ್ತಿದ್ದಾರೆ, ಯಾರೂ ನಂಬುತ್ತಿಲ್ಲ. ಅಷ್ಟರಲ್ಲಿ ನನಗೆ ವೇಲಿನ ಕಲೆ ಕಾಣಿಸಿತು. ಪಾಪ, ಮುದುಕರ ಕಣ್ಣಲ್ಲಿ ನೀರು. ತಡೆಯಲಾಗದೆ ಎದ್ದು ನಿಂತು ಹೇಳಿಬಿಟ್ಟೆ:

"ತಾತನದಲ್ಲ, ನಂದು!"

ಇಡೀ ಬಸ್ಸು ನನ್ನ ಕಡೆ ತಿರುಗಿತು. ಪಕ್ಕದಲ್ಲಿದ್ದ ಅಜ್ಜಿ ಮೆಲ್ಲಗೆ ಕೇಳಿದರು, "ಏನ್ ತಿಂದ್ಯವ್ವ?"

"ತಿಂದಿದ್ದಲ್ಲ ಅಜ್ಜಿ, ಮಾಡಿದ್ದು. ದಿನಾ ಮಾಡ್ತೀನಿ. ಅದೇ ನನ್ ಕೆಲ್ಸ."

"ಮಾಡಿದ್ದು ಗೊತ್ತಾಯ್ತು ಬುಡವ್ವ, ಬಸ್ಸಿಗೆಲ್ಲಾ ಗೊತ್ತಾಯ್ತು" ಅಂತ ಅಜ್ಜಿ ಎಲೆಅಡಿಕೆ ಚೀಲದಿಂದ ಓಂಕಾಳು ತೆಗೆದು ನನ್ನ ಅಂಗೈಗೆ ಹಾಕಿದರು. ಗಂಧಕ, ರಸಾಯನ ಅಂತೆಲ್ಲ ವಿವರಿಸುವ ಶಕ್ತಿ ನನಗೆ ಉಳಿದಿರಲಿಲ್ಲ. ತಲೆ ತಗ್ಗಿಸಿ ಓಂಕಾಳು ಅಗಿದೆ.

ನನ್ನ ಸ್ಟಾಪಿನಲ್ಲಿ ಇಳಿಯುವಾಗ ತಾತ ಕೈ ಮುಗಿದರು. "ಒಪ್ಕೊಳ್ಳೋಕೆ ಎದೆಗಾರಿಕೆ ಬೇಕು ಕಣವ್ವ. ನಿಜ್ವಾಗ್ಲೂ ನಂದೇ ಆಗಿದ್ರೆ ನಾನಂತೂ ಬಾಯ್ ಬಿಡ್ತಿರ್ಲಿಲ್ಲ."

ಸಾಕು ಅನ್ನುವವರು ಯಾರು?

ನಾವು ಊಟ ಮಾಡಿದಾಗ ಕರುಳಿನಿಂದ ಒಂದು ಪೆಪ್ಟೈಡ್ ಹೊರಟು ಮೆದುಳಿಗೆ "ಸಾಕು" ಅಂತ ಸುದ್ದಿ ಮುಟ್ಟಿಸುತ್ತದೆ. ಈಗ ಜನ ಸಕ್ಕರೆ ಕಾಯಿಲೆಗೆ, ತೂಕ ಇಳಿಸುವುದಕ್ಕೆ ಅಂತ ಚುಚ್ಚಿಸಿಕೊಳ್ಳುತ್ತಿರುವ ಔಷಧಿ ಅದರದೇ ನಕಲು. ಇದರ ಬಗ್ಗೆ ಆನ್‌ಲೈನಿನಲ್ಲಿ ಮಾತಾಡೋಕೆ ನನಗೆ ಕರೆ ಬಂತು. ಹೊರದೇಶದವರೂ ಕೇಳುತ್ತಾರೆ ಅಂದರು. ಭಾನುವಾರ ಬೆಳಿಗ್ಗೆ ಒಳ್ಳೇ ಸೀರೆ ಉಟ್ಟು ಲ್ಯಾಪ್‌ಟಾಪ್ ಮುಂದೆ ಕೂತೆ. ಬಾಗಿಲು ಹಾಕಿದ್ದೆ, ಚಿಲಕ ಹಾಕಿರಲಿಲ್ಲ.

"ಈ ಸಂಕೇತ ಸರಿಯಾಗಿ ತಲುಪಿದರೆ ಮನುಷ್ಯ ತಾನಾಗೇ ಮಿತವಾಗಿ ತಿನ್ನುತ್ತಾನೆ" ಅಂತ ಇಂಗ್ಲಿಷಿನಲ್ಲಿ ಗಂಭೀರವಾಗಿ ಹೇಳುತ್ತಿದ್ದೆ. ಹಿಂದಿನಿಂದ ನಮ್ಮತ್ತೆ ತಟ್ಟೆ ಇಡ್ಲಿ ಹಿಡಿದುಕೊಂಡು ಪರದೆಯೊಳಗೆ ಬಂದರು.

"ಏನೇ, ಮೂರೇ ತಿಂದು ಎದ್ ಬಂದ್ಬುಟ್ಟಿದೀಯ! ದಿನಾ ಐದ್ ತಿನ್ನೋಳು! ಮೈ ಹುಷಾರಿಲ್ವಾ?"

ಮೇಜಿನ ಕೆಳಗೆ ಕೈ ಆಡಿಸಿದೆ. ಅವರು ನೋಡಿದರೆ ತಾನೇ! ಪರದೆಯಲ್ಲಿದ್ದ ಮುಖಗಳ ಹತ್ತಿರ ಬಗ್ಗಿ, "ಇವ್ರುದ್ದೆಲ್ಲಾ ತಿಂಡಿ ಆಯ್ತಂತಾ? ಯಾಕ್ ಹಿಂಗ್ ಸೊರಗವ್ರೆ?" ಅಂದರು. ಕ್ಯಾಮೆರಾ ಆಫ್ ಮಾಡಲು ಹೋಗಿ ಇಡೀ ಪರದೆಯ ತುಂಬ ಅತ್ತೆಯನ್ನೇ ದೊಡ್ಡದು ಮಾಡಿದೆ.

ಪ್ರಶ್ನೋತ್ತರದ ಹೊತ್ತಿಗೆ ಹೊರದೇಶದ ಹಿರಿಯ ವಿಜ್ಞಾನಿಯೊಬ್ಬರು ನಗು ತಡೆದುಕೊಂಡು ಕೇಳಿದರು: "ಆ ಬಿಳಿ ಪದಾರ್ಥದ ಮುಂದೆ ನಿಮ್ಮ ಪೆಪ್ಟೈಡ್ ಕೆಲಸ ಮಾಡುತ್ತದೆಯೇ?"

ಏನು ಕೇಳಿದರು ಅಂತ ಅತ್ತೆ ಹಟ ಹಿಡಿದರು. ಕರುಳು "ಸಾಕು" ಅನ್ನೋ ಕಥೆಯನ್ನೂ ಸೇರಿಸಿ ಹೇಳಿದೆ. ಅವರು ಸೆರಗು ಸರಿ ಮಾಡಿಕೊಂಡು ಉತ್ತರ ಕೊಟ್ಟರು:

"ನಮ್ಮನೇಲಿ ಸಾಕು ಅನ್ಬೇಕಾದೋಳು ನಾನು, ಕರುಳಲ್ಲ ಅಂತ ಹೇಳು."

ಬೀಳಲ್ಲ

ಕೆಲವು ಪೆಪ್ಟೈಡುಗಳು ನೀರಿನಲ್ಲಿ ತಾವೇ ಒಂದಕ್ಕೊಂದು ಹೆಣೆದುಕೊಂಡು ಜೆಲ್ಲಿಯಾಗುತ್ತವೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಹಚ್ಚಲೆಂದು ನಾವು ಅಂಥದ್ದೊಂದನ್ನು ಮಾಡಿದ್ದೆವು. ಅದನ್ನು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಬೇಕಿತ್ತು. ಗುಬ್ಬಿಯ ಒಂದು ಕಾಲೇಜಿನ ಅಧ್ಯಕ್ಷರು ಒಂದು ಆಸ್ಪತ್ರೆಯನ್ನೂ ನಡೆಸುತ್ತಿದ್ದರು. ವಿಜ್ಞಾನ ದಿನಾಚರಣೆಗೆ ಅವರೇ ಕರೆದಾಗ ನಮ್ಮ ಲ್ಯಾಬಿನ ಮುಖ್ಯಸ್ಥರು ನನ್ನ ಕೈಗೆ ಜೆಲ್ಲಿಯ ಸೀಸೆ ಕೊಟ್ಟು, "ಇದೊಂದ್ಸಲ ಮಾನ ಉಳ್ಸಮ್ಮ" ಅಂದಿದ್ದರು.

ವೇದಿಕೆಯ ಮೇಲೆ ಅಧ್ಯಕ್ಷರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಶರ್ಟು. ನಾನು ಅವರ ಪಕ್ಕದಲ್ಲೇ ನಿಂತು ಮೈಕಿನಲ್ಲಿ ಹೇಳಿದೆ, "ನೋಡಿ, ಇದು ನೀರಿನ ಹಾಗೆ ಕಾಣುತ್ತೆ. ಆದರೆ ಸೀಸೆ ತಲೆಕೆಳಗು ಮಾಡಿದ್ರೂ ಬೀಳಲ್ಲ."

ತಲೆಕೆಳಗು ಮಾಡಿದೆ. ಅಷ್ಟೂ ಬಿತ್ತು. ಬಿದ್ದದ್ದು ಅಧ್ಯಕ್ಷರ ಮಡಿಲಿಗೆ.

ಆಗಿದ್ದಿಷ್ಟೇ. ಈ ಜೆಲ್ಲಿಯನ್ನು ಕುಲುಕಿದರೆ ನೀರಾಗುತ್ತದೆ, ಸುಮ್ಮನೆ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ರಸ್ತೆಯ ಗುಂಡಿಗಳಲ್ಲಿ ನಮ್ಮ ಕಾರು ಅದನ್ನು ಗುಬ್ಬಿಯವರೆಗೂ ಕುಲುಕಿತ್ತು, ಉಳಿದದ್ದನ್ನು ಮೈಕು ಹಿಡಿದ ಉತ್ಸಾಹದಲ್ಲಿ ನಾನು ಕುಲುಕಿದ್ದೆ. ವಿದ್ಯಾರ್ಥಿಗಳು ಬೆಂಚು ಬಡಿದು ನಗುತ್ತಿದ್ದಾರೆ. ನಾನು ಕರ್ಚೀಫು ತೆಗೆದೆ, ಆದರೆ ಒರೆಸಬೇಕಾದ ಜಾಗ ನೋಡಿ ಕೈ ಹಿಂದಕ್ಕೆಳೆದುಕೊಂಡೆ. ಜೊತೆಗೆ ಬಂದಿದ್ದ ನಮ್ಮ ಮುಖ್ಯಸ್ಥರು ಕಣ್ಣು ಮುಚ್ಚಿಕೊಂಡು ಕೂತುಬಿಟ್ಟರು.

ಅಧ್ಯಕ್ಷರು ಮಾತ್ರ ಅಲುಗಾಡಲಿಲ್ಲ. ಉಳಿದವರ ಭಾಷಣ, ಹಾರ, ಎಲ್ಲಾ ಮುಗಿಯಿತು. ಕೊನೆಗೆ ಅವರು ಮಾತಾಡಲು ಎದ್ದರು. ಪಂಚೆಯ ಮೇಲೆ ಅಂಗೈಯಗಲ ಜೆಲ್ಲಿ ಗಟ್ಟಿಯಾಗಿ ಕೂತಿತ್ತು. ಅವರು ಪಂಚೆಯನ್ನು ಎರಡೂ ಕೈಯಲ್ಲಿ ಹಿಡಿದು ಪಟಪಟ ಒದರಿದರು. ಅದು ಜಪ್ಪಯ್ಯ ಅನ್ನಲಿಲ್ಲ.

"ಮೇಡಮ್ಮೋರು ಹೇಳಿದ್ದು ನಿಜ," ಅಂದರು ಮೈಕಿನಲ್ಲಿ. "ಬೀಳಲ್ಲ."

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಲು ಅನುಮತಿ ಸಿಕ್ಕಿತು. ಅಧ್ಯಕ್ಷರ ಎದುರು ನಿಂತು ಥ್ಯಾಂಕ್ಸ್ ಹೇಳುವ ಮುಖ ನನಗಿರಲಿಲ್ಲ, ಅವರ ಡ್ರೈವರಿಗೆ ಹೇಳಿ ಬಂದೆ.

ಹೆಣ್ಣಿನ ಕಡೆಯವರು

ಕಪ್ಪೆ ಕೊಳಚೆಯಲ್ಲಿದ್ದರೂ ಅದರ ಚರ್ಮಕ್ಕೆ ಸುಲಭವಾಗಿ ಸೋಂಕು ತಗಲುವುದಿಲ್ಲ. ಅದರ ಬೆನ್ನಿನ ಲೋಳೆಯಲ್ಲಿ ರೋಗಾಣು ಕೊಲ್ಲುವ ಪೆಪ್ಟೈಡುಗಳಿವೆ. ಮಾತ್ರೆಗಳಿಗೆ ಬಗ್ಗದ ರೋಗಾಣುಗಳಿಗೆ ಅದರಿಂದ ಮದ್ದು ಸಿಕ್ಕೀತು ಅಂತ ಎಲ್ಲ ಕಡೆ ಹುಡುಕಾಟ ನಡೆದಿದೆ. ನಾವೂ ಆ ಲೋಳೆ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಪಡೆದೆವು. ಷರತ್ತು ಕಟ್ಟುನಿಟ್ಟು. ಕಪ್ಪೆಗೆ ನೋವಾಗಬಾರದು, ಹಿಡಿದ ಜಾಗದಲ್ಲೇ ಅವತ್ತೇ ವಾಪಸ್ಸು ಬಿಡಬೇಕು. ತಪ್ಪಿದರೆ ಅನುಮತಿ ರದ್ದು, ಕೆಲಸವೂ ನಿಂತಂತೆ.

ಕುಣಿಗಲ್ ತಾಲೂಕಿನ ಹುಲಿಯೂರುದುರ್ಗದ ಹತ್ತಿರ ನಮ್ಮತ್ತೆಯ ತವರು. ಊರ ಮುಂದೆ ಕೆರೆ. ಪ್ರಾಣಿಶಾಸ್ತ್ರದ ಮೇಡಂ ಒಬ್ಬರನ್ನು ಜೊತೆ ಮಾಡಿಕೊಂಡು ಹೊರಟೆ. ತವರು ನೋಡಿ ಬರ್ತೀನಿ ಅಂತ ಅತ್ತೆಯೂ ಕಾರು ಹತ್ತಿದರು.

ಕೆರೆ ಏರಿಯ ಕೆಳಗೆ ಎರಡು ದೊಡ್ಡ ಕಪ್ಪೆ ಸಿಕ್ಕವು. ಸ್ಟೀಲ್ ಬೋಗುಣಿಯಲ್ಲಿ ಶುದ್ಧ ನೀರು ಹಾಕಿ, ಒಂದೊಂದನ್ನೇ ಕೂರಿಸಿ, ಬೆನ್ನು ಮೆಲ್ಲಗೆ ಒತ್ತಿ, ನೀರು ಹೊಯ್ದು ಲೋಳೆ ತೊಳೆದುಕೊಂಡೆವು. ಸ್ಯಾಂಪಲ್ ಐಸ್ ಡಬ್ಬಿ ಸೇರಿತು. ಇನ್ನೇನು ಬಿಡಬೇಕು, ಏರಿಯ ಮೇಲೆ ಬಟ್ಟೆ ಒಗೆಯಲು ಬಂದಿದ್ದ ಹೆಂಗಸರು ನಿಂತು ನೋಡಿದರು.

"ಏನ್ರವ್ವ, ಕಪ್ಪೆಗೆ ನೀರು ಹುಯ್ತಾ ಇದೀರಾ?"

ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಹೆಮ್ಮೆಯಿಂದ ಹೇಳಿದರು, "ಹೂಂ ಕಣ್ರೇ, ನಮ್ ಸೊಸೆ ಇದಕ್ಕೇ ಅಂತ್ಲೇ ತುಮ್ಕೂರಿಂದ ಬಂದವ್ಳೆ!"

ಆ ವರ್ಷ ಮಳೆ ಸ್ವಲ್ಪ ತಡವಾಗಿತ್ತು. ಮಳೆಗಾಗಿ ಕಪ್ಪೆಗಳಿಗೆ ನೀರೆರೆದು ಮದುವೆ ಮಾಡಿಸಬೇಕು ಅಂತ ಊರಲ್ಲಿ ಮಾತು ನಡೆದಿತ್ತಂತೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕ್ಷಣದಲ್ಲಿ ಒಬ್ಬಳು ಅರಿಶಿನಕ್ಕೆ ಓಡಿದಳು, ಇನ್ನೊಬ್ಬಳು ತಮಟೆಯವರನ್ನು ಕರೆಯಲು ಓಡಿದಳು. ಹಿರಿಯಜ್ಜಿಯೊಬ್ಬರು ಬಂದು ಬೋಗುಣಿ ಸಮೇತ ಕಪ್ಪೆಗಳನ್ನು ಎತ್ತಿಕೊಂಡರು.

"ಅಜ್ಜಿ, ಅವನ್ನ ಕೆರೆಗೆ ಬಿಡ್ಬೇಕು…"

"ಬಿಡಾಣ ಬುಡವ್ವ, ಧಾರೆ ಆಗ್ಲಿ."

ಅತ್ತೆಯ ತವರು ಅದು, ಗಲಾಟೆ ಮಾಡುವ ಹಾಗಿಲ್ಲ. ಕಪ್ಪೆ ಬಿಟ್ಟು ಬರುವ ಹಾಗೂ ಇಲ್ಲ. ತಮಟೆಯ ಹಿಂದೆ ಬಿಳಿ ಕೋಟು ತೊಟ್ಟು, ಕೈಗವಸು ಹಾಕಿಕೊಂಡು ಊರೊಳಗೆ ನಡೆದೆ. ಜಗಲಿ ಜಗಲಿಯಲ್ಲೂ ನನ್ನ ಗಂಡನ ನೆಂಟರು. "ಯಾರದು?" "ಡಾಕ್ಟರೇಟ್ ಮಾಡವ್ಳಲ್ಲ, ಆ ಸೊಸೆ." ಭೂಮಿ ಬಾಯಿ ಬಿಟ್ಟಿದ್ದರೆ ಅಲ್ಲೇ ಇಳಿದುಬಿಡುತ್ತಿದ್ದೆ.

ಅರಳಿಕಟ್ಟೆಯ ಮೇಲೆ ನನ್ನನ್ನು ಹೆಣ್ಣಿನ ತಾಯಿ ಅಂತ ಕೂರಿಸಿದರು, ಪ್ರಾಣಿಶಾಸ್ತ್ರದ ಮೇಡಮ್ಮನ್ನು ಗಂಡಿನ ತಾಯಿ ಅಂತ. ಬೋಗುಣಿಗೆ ಅರಿಶಿನ ಕುಂಕುಮ ಇಟ್ಟರು. ಕಪ್ಪೆಗೆ ತಾಕಿಸಬೇಡಿ ಅಂತ ಬೇಡಿಕೊಂಡೆ, ಪುಣ್ಯಕ್ಕೆ ಕೇಳಿದರು. "ಹೆಣ್ ಯಾವುದ್ರವ್ವ?" ಅಂದರು. ಕೈಗೆ ಸಿಕ್ಕಿದ್ದನ್ನು ತೋರಿಸಿದೆ. ಅದರ ಮೇಲೆ ಕೆಂಪು ರವಿಕೆ ಬಟ್ಟೆಯ ಮುಸುಕು ಬಿತ್ತು. ಮೇಡಂ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, "ರೀ, ಎರಡೂ ಗಂಡು ಕಣ್ರೀ."

"ದಮ್ಮಯ್ಯ, ಸುಮ್ನಿರಿ ಮೇಡಂ."

"ಕಪ್ಪೇಲಿ ಗಂಡೇ ಜೋರಾಗಿ ಕೂಗೋದು. ಈಗೇನಾದ್ರೂ ಕೂಗಿದ್ರೆ…"

ಧಾರೆಯ ನೀರು ಬಿತ್ತು. ಮುಸುಕಿನೊಳಗಿಂದ ಮದುವಣಗಿತ್ತಿ ಗಂಟಲು ಉಬ್ಬಿಸಿ "ವಟರ್ರ್… ವಟರ್ರ್" ಅಂತ ಊರಿಗೆಲ್ಲ ಕೇಳುವ ಹಾಗೆ ಕೂಗಿತು. ಹಿರಿಯಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಪಾಪ, ಹೆಣ್ಣು ಅಳ್ತಾ ಐತೆ."

ಅಲ್ಲಿಂದ ಮೆರವಣಿಗೆ ಮತ್ತೆ ಕೆರೆಗೆ. ಹೆಣ್ಣು ಒಪ್ಪಿಸುವ ಶಾಸ್ತ್ರ ಅಂತೆ. ಎರಡೂ ಕಪ್ಪೆಗಳನ್ನು ಹಿಡಿದ ಜಾಗದಲ್ಲೇ ನೀರಿಗೆ ಬಿಟ್ಟೆ. ಎರಡೂ ಒಂದೊಂದು ದಿಕ್ಕಿಗೆ ಹಾರಿ ಹೋದವು. ಅನುಮತಿ ಉಳಿಯಿತು ಅನ್ನೋ ನೆಮ್ಮದಿಗೋ, ಸುತ್ತ ಊರೇ ನಿಂತಿದ್ದ ನಾಚಿಕೆಗೋ, ನನಗೆ ನಿಜವಾಗಿಯೂ ಅಳು ಬಂತು. ತಡೆಯಲು ಹೋದಷ್ಟೂ ಬಿಕ್ಕಳಿಕೆ ಜಾಸ್ತಿಯಾಯಿತು. ಅತ್ತೆ ಮೆಚ್ಚುಗೆಯಿಂದ ನೋಡಿದರು. ಹಿರಿಯಜ್ಜಿ ಬಂದು ನನ್ನ ಬೆನ್ನು ಸವರಿದರು.

"ಅಳ್ಬೇಡ ಕಣವ್ವ. ಗಂಡು ಒಳ್ಳೇ ಮನೆತನದ್ದು, ನಮ್ ಕೆರೇದೇ."